ನಮ್ಮ ಮಕ್ಕಳ ನಾಲಿಗೆ ಯಾರಪ್ಪನ ಸ್ವತ್ತು?

ವಿಲ್ಸನ್ ಗಾರ್ಡನ್ನಿನಲ್ಲಿ ನಿಂತು ಹೊಸೂರು ರಸ್ತೆಯ ಕಡೆ ಕಲ್ಲು ಬೀರಿದರೆ ಅದು ಯಾವುದಾದರೊಂದು ಆಸ್ಪತ್ರೆಯ ಕಾಂಪೌಂಡಿನೊಳಗೇ ಬೀಳುತ್ತದೆ. ಕಿದ್ವಾಯಿ ಇದೆ. ಸಂಜಯ ಗಾಂಧಿ ಇದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. 1974ರಲ್ಲಿ ಹುಟ್ಟಿದ ನಿಮ್ಹಾನ್ಸ್ ಇದೆ. ಅದರೊಳಗೆ ಮಾತಿನ ತೊಂದರೆ, ಕಿವಿಯ ತೊಂದರೆಗೆಂದೇ ಒಂದು ವಿಭಾಗವಿದೆ. ಬೆಳಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುವ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಡೀ ದೇಶಕ್ಕೆ ಮಾತಿನ ಚಿಕಿತ್ಸಕರನ್ನು ತಯಾರು ಮಾಡಿ ಕಳಿಸುವ ಸಂಸ್ಥೆ ಅದು.

ಇಷ್ಟೆಲ್ಲ ಇದ್ದೂ ಇದೇ ವಿಲ್ಸನ್ ಗಾರ್ಡನ್ನಿನ ಹಿಂದಿನ ಗಲ್ಲಿಗಳಲ್ಲಿ, ಲಕ್ಕಸಂದ್ರದ ವಠಾರಗಳಲ್ಲಿ, ಶೀಟಿನ ಮನೆಗಳಲ್ಲಿ, ನಾಲ್ಕು ವರ್ಷ ತುಂಬಿದರೂ ಅವ್ವಾ ಅನ್ನದ ಕೂಸುಗಳಿವೆ. ಒಂದು ಗುಟುಕು ಅಂಬಲಿ ಕುಡಿಸಿದರೆ ಅರ್ಧ ಮೂಗಿನಲ್ಲಿ ವಾಪಸು ಬರುವ ಕೂಸುಗಳಿವೆ. ನಾಲ್ಕು ಚಮಚ ಗಂಜಿ ಉಣ್ಣಲು ಒಂದು ಗಂಟೆ ಹಿಡಿಯುವ ಕೂಸುಗಳಿವೆ. ಅವುಗಳ ತಾಯಂದಿರು ಆರು ಗಂಟೆಗೆಲ್ಲ ಪೊರಕೆ ಹಿಡಿದು ಮಸ್ಟರಿಂಗ್‌ಗೆ ನಿಂತಿರುತ್ತಾರೆ, ಇಲ್ಲವೇ ಜಯನಗರದ ಯಾರದೋ ಮನೆಯಲ್ಲಿ ಮುಸುರೆ ತಿಕ್ಕುತ್ತಿರುತ್ತಾರೆ.

ಆಸ್ಪತ್ರೆ ಇಲ್ಲ ಅಂತ ನಾವು ಕೂಗುತ್ತಿಲ್ಲ, ಗೆಳೆಯರೆ. ಆಸ್ಪತ್ರೆಯೊಳಕ್ಕೆ ಹೋದ ಮೇಲೆ ನಮ್ಮ ಮಗುವಿನ ಮುಂದೆ ಹರಡುವ ಚಿತ್ರದ ಕಾರ್ಡು ಯಾರ ಮನೆಯದು, ನಮ್ಮ ಕೈಗೆ ಕೊಡುವ ಊಟದ ಚೀಟಿ ಯಾರ ಅಡುಗೆಮನೆಯದು ಅಂತ ಕೇಳುತ್ತಿದ್ದೇವೆ.

ನಮ್ಮ ಕೇರಿಯ ಒಂದು ಹೆಣ್ಣುಮಗುವನ್ನು ಅದರ ನರ್ಸರಿ ಮಿಸ್ಸು 'ಇದಕ್ಕೆ ಮಾತು ಸರಿಯಿಲ್ಲ' ಅಂತ ಬರೆದು ಒಂದು ಕ್ಲಿನಿಕ್ಕಿಗೆ ಕಳಿಸಿದಳು. ಕ್ಲಿನಿಕ್ಕಿನ ಹೆಸರು ಬೇಡ, ಒಂದನ್ನು ಬೈದರೆ ಉಳಿದವೆಲ್ಲ ಒಳ್ಳೆಯವು ಅಂತಾಗುತ್ತದೆ. ಅಲ್ಲಿ ಹಕ್ಕಿಯ ಚಿತ್ರ ತೋರಿಸಿದರು. ಮಗು 'ಅಕ್ಕಿ' ಅಂದಿತು. ತಪ್ಪು. ಹಾಲಿನ ಲೋಟ ತೋರಿಸಿದರು. 'ಆಲು'. ತಪ್ಪು. ಹಸು. 'ಅಸ'. ತಪ್ಪು. ಹೀಗೆ ತಪ್ಪುಗಳನ್ನು ಎಣಿಸಿ ಎಣಿಸಿ ಉಚ್ಚಾರಣಾ ದೋಷ ಅಂತ ಬರೆದು, ವಾರಕ್ಕೆ ಎರಡು ಸಲ ಬನ್ನಿ, ಸಲಕ್ಕೆ ಮುಕ್ಕಾಲು ಗಂಟೆ, ಎಂಟುನೂರು ರೂಪಾಯಿ ಅಂದರು. ಆ ತಾಯಿಯ ಎರಡು ದಿನದ ಕೂಲಿ ಅದು.

ತಾಯಿಯೂ ಹಕ್ಕಿಗೆ ಅಕ್ಕಿ ಅನ್ನುತ್ತಾಳೆ. ಅಜ್ಜಿಯೂ ಅನ್ನುತ್ತಾಳೆ. ಮಳವಳ್ಳಿ ಸೀಮೆಯಿಂದ ಬಂದು ನೆಲೆ ನಿಂತ ಇಡೀ ಬೀದಿಯೇ ಹಾಗನ್ನುತ್ತದೆ. ಅಂಗಡಿಯಲ್ಲಿ ಅಕ್ಕಿ ಕೊಂಡಾಗ ಯಾರಿಗೂ ಹಕ್ಕಿ ಬಂದಿಲ್ಲ. ಇದು ದೋಷವಾದರೆ ಮಂಡ್ಯ, ಚಾಮರಾಜನಗರ ಜಿಲ್ಲೆಗಳನ್ನು ಪೂರ್ತಿಯಾಗಿ ವಾರ್ಡಿಗೆ ಸೇರಿಸಿಕೊಳ್ಳಬೇಕಾಗುತ್ತದೆ, ಬೆಡ್ಡುಗಳಿವೆಯೇನು ಸ್ವಾಮಿ?

ಸ್ವಲ್ಪ ಹಿಂದಕ್ಕೆ ಹೋಗೋಣ. ಹತ್ತನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲು ಇಲ್ಲ, 'ಪಾಲ್' ಇದೆ. ಆಮೇಲೆ ಆ ಪಕಾರ ಸವೆದು ಹಕಾರವಾಯಿತು, ಪಾಲು ಹಾಲಾಯಿತು. ಮೊದಲು ಹಾಗಂದ ಮಕ್ಕಳ ಮುಂದೆ ಕಾರ್ಡು ಹಿಡಿದು ಕೂತಿದ್ದರೆ ಅವೂ ದೋಷದ ಮಕ್ಕಳೇ. ಈಗ ಅದೇ ಹಕಾರ ನಮ್ಮ ಬಾಯಲ್ಲಿ ಇನ್ನಷ್ಟು ಸವೆದು 'ಆಲು' ಆಗಿದೆ. ನಮ್ಮ ವಠಾರದಲ್ಲೇ ತಮಿಳರ ಮನೆಯಲ್ಲಿ ಪಾಲ್, ತೆಲುಗರ ಮನೆಯಲ್ಲಿ ಪಾಲು, ಮೇಲಿನ ಮನೆ ಓನರಮ್ಮನ ಬಾಯಲ್ಲಿ ಹಾಲು, ನಮ್ಮ ಮನೆಯಲ್ಲಿ ಆಲು. ಒಂದು ಲೋಟದೊಳಗೆ ಸಾವಿರ ವರ್ಷದ ಚರಿತ್ರೆ ಇದೆ. ಪಕಾರ ಬಿಟ್ಟವನು ಪಂಡಿತ, ಹಕಾರ ಬಿಟ್ಟವನು ರೋಗಿ. ಇದ್ಯಾವ ನ್ಯಾಯ?

ಇನ್ನೂ ತಮಾಷೆ ಕೇಳಿ. ನಂಜನಗೂಡು ಸೀಮೆಯ ನಮ್ಮ ಕೇರಿಯ ಮಾತನ್ನೇ ಮೈತುಂಬ ಉಟ್ಟುಕೊಂಡ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಶ್ವವಿದ್ಯಾಲಯಗಳಲ್ಲಿ ಅದರ ಮೇಲೆ ಸೆಮಿನಾರು ನಡೆಯುತ್ತವೆ. ಅದೇ ಮಾತು ಪುಸ್ತಕದಲ್ಲಿದ್ದರೆ ಸಾಹಿತ್ಯ, ನಾಲ್ಕು ವರ್ಷದ ಮಗುವಿನ ಬಾಯಲ್ಲಿದ್ದರೆ ಕಾಯಿಲೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದಾಗ ಬೀದಿಗೆ ಬಿದ್ದು ಬೆಂಕಿ ಹಚ್ಚಿದವರಿಗೆ ಕನ್ನಡದ ಮೇಲೆ ಅಷ್ಟೊಂದು ಪ್ರೀತಿ ಇತ್ತಲ್ಲ, ಆ ಕನ್ನಡದೊಳಗೆ ನಮ್ಮ ಕೂಸಿನ 'ಅಕ್ಕಿ' ಇತ್ತೋ ಇಲ್ಲವೋ? ನವೆಂಬರ್ ಬಂದರೆ ಬಾವುಟ ಕಟ್ಟಲು ನಮ್ಮ ಹುಡುಗರೇ ಕಂಬ ಹತ್ತಬೇಕು. ಕನ್ನಡ ಮಾತಾಡಿದರೆ ಮಾತ್ರ ನಮ್ಮದು ಅಶುದ್ಧ.

ಈ ಜಗಳ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಶಾಲೆಯೊಂದರಲ್ಲಿ, ಬಡ ಕರಿಯ ಮಕ್ಕಳನ್ನು ಕಲಿಕೆಯ ದೋಷದವರು, ಮಾತಿನ ದೋಷದವರು ಅಂತ ಪಟ್ಟಿ ಕಟ್ಟಿ ಪಕ್ಕಕ್ಕೆ ಕೂರಿಸಿದ್ದರು. ಆ ತಾಯಂದಿರು ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪು ಕೊಟ್ಟರು: ಮಕ್ಕಳ ಮನೆಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾಠ ಮಾಡಿದ್ದು ಶಾಲೆಯವರ ಲೋಪ, ಆ ಮಾತನ್ನು ಗುರುತಿಸಲು ಮೇಷ್ಟ್ರುಗಳು ಕಲಿಯಬೇಕು. 1983ರಲ್ಲಿ ಅಮೆರಿಕದ ಮಾತು-ಶ್ರವಣ ಚಿಕಿತ್ಸಕರ ಸಂಘವೇ, ಇಂಗ್ಲಿಷಿನ ಯಾವ ಸಾಮಾಜಿಕ ಉಪಭಾಷೆಯೂ ರೋಗವಲ್ಲ ಎಂದು ತನ್ನ ನಿಲುವು ಪ್ರಕಟಿಸಿತು. ನಮ್ಮ ಮಾತಿನ ಡಾಕ್ಟರುಗಳು ಅವರ ಪುಸ್ತಕ ಓದಿಯೇ ಪಾಸಾಗುತ್ತಾರೆ. ಅವರ ಪರೀಕ್ಷೆಗಳು ಬಂದವು, ಅವರ ಆಟದ ಸಾಮಾನು ಬಂದವು. ಈ ಒಂದು ಮಾತು ಮಾತ್ರ ದಾರಿಯಲ್ಲೆಲ್ಲೋ ಇಳಿದುಹೋಯಿತು.

ಕನ್ನಡದಲ್ಲಿ ಕೆಲಸವೇ ಆಗಿಲ್ಲ ಅಂದರೆ ಸುಳ್ಳಾಗುತ್ತದೆ. ಮೈಸೂರಿನ ಸಂಸ್ಥೆಯವರು 1972ರಷ್ಟು ಹಿಂದೆಯೇ ಕನ್ನಡದ ಉಚ್ಚಾರಣೆಗೆ ಒಂದು ಪರೀಕ್ಷೆ ಮಾಡಿದ್ದರು. ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲೇ ಕಾಮ್‌ಡೀಲ್ ಶುರು ಮಾಡಿ, ಆಟಿಸಂನಂಥ ತೊಂದರೆ ಇರುವ ಪುಟ್ಟ ಮಕ್ಕಳಿಗೆ ಶಾಲೆಗೆ ಮುಂಚೆಯೇ ಮಾತು, ನಡವಳಿಕೆ, ಕೈಕಾಲಿನ ಹದ ಎಲ್ಲ ಕೂಡಿಸಿ ಕಲಿಸುವ ದಾರಿ ಹಾಕಿದರು. ಇವರ ಮೇಲೆ ನಮಗೆ ಗೌರವವಿದೆ. ಆದರೆ ಪರೀಕ್ಷೆ ಯಾವುದೇ ಇರಲಿ, ಕಾರ್ಡಿನ ಹಿಂಬದಿಯ ಸರಿ ಉತ್ತರ ಯಾರ ಮನೆಯ ಉತ್ತರ ಅಂತ ನೋಡದೆ ಮಾರ್ಕು ಹಾಕುವವರ ಕೈಗೆ ಬಿದ್ದರೆ ಅದು ಜಾತಿಯ ಮಾಪಕವಾಗುತ್ತದೆ.

ಹಾಗಂತ ಎಲ್ಲವೂ ನಮ್ಮ ಸಂಸ್ಕೃತಿ, ಚಿಕಿತ್ಸೆಯೇ ಬೇಡ ಅನ್ನುವ ಮೊಂಡರು ನಾವಲ್ಲ. ಹಕಾರ ಬಿಟ್ಟ ಮಗು ಬೇರೆ. ಐದು ವರ್ಷವಾದರೂ ಕೋಳಿಗೆ 'ತೋಳಿ', ಗಾಡಿಗೆ 'ದಾಡಿ' ಅನ್ನುವ ಮಗು ಬೇರೆ. ಕೇರಿಯಲ್ಲಿ ಇನ್ಯಾರೂ ಹಾಗನ್ನುವುದಿಲ್ಲ. ಒಂದು ವರ್ಷ ತುಂಬಿದರೂ ತತ್ತತ್ತ, ಬಬ್ಬಬ್ಬ ಅಂತ ಗುನುಗದ, ಹೆಸರು ಕೂಗಿದರೆ ತಿರುಗದ ಕೂಸು, ಒಂದೂಕಾಲು ಒಂದೂವರೆ ವರ್ಷವಾದರೂ ಒಂದೂ ಮಾತಿಲ್ಲದ ಕೂಸು, ಎರಡು ವರ್ಷವಾದರೂ 'ಅವ್ವ ಬಾ', 'ಬೂವ ಕೊಡು' ಅಂತ ಎರಡು ಮಾತು ಜೋಡಿಸದ ಕೂಸು, ಇವನ್ನು ನಾಳೆಗೆ ನಾಡಿದ್ದಿಗೆ ಅಂತ ತಳ್ಳಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಎಷ್ಟೋ ಮೂಗ ಮಕ್ಕಳು ಮೂಗರಲ್ಲ, ಕಿವುಡರು. ಹೇಳಿದ್ದು ಕೇಳಿಸದೆ ಇದ್ದರೆ ತಿರುಗಿ ಹೇಳುವುದೇನನ್ನು? ಇನ್ನು ಅಂಗುಳ ಸೀಳಿದ ಕೂಸು. ಮೂರರಿಂದ ಆರು ತಿಂಗಳಲ್ಲಿ ತುಟಿ ಹೊಲಿಯುತ್ತಾರೆ, ಒಂದೂವರೆ ವರ್ಷದೊಳಗೆ ಅಂಗುಳ ಹೊಲಿಯುತ್ತಾರೆ. ಪುಕ್ಕಟೆ ಹೊಲಿಯುವ ಕಡೆಗಳೂ ಇವೆ, ಒಳ್ಳೆಯದು. ಹೊಲಿದಾದ ಮೇಲೆ ಹಿಂದೆ ಮುಂದೆ ಎರಡು ಫೋಟೋ ತೆಗೆದು ಗೋಡೆಗೆ ಹಾಕುತ್ತಾರೆ. ಆದರೆ ಗಾಳಿಯನ್ನು ಮೂಗಿಗೆ ಬಿಡದೆ ಬಾಯಲ್ಲಿ ತಡೆದು 'ಪ' 'ಬ' ಅನ್ನುವುದನ್ನು ಆ ಮಗು ತಿಂಗಳುಗಟ್ಟಲೆ ಕಲಿಯಬೇಕು. ಆ ತಿಂಗಳುಗಳಿಗೆ ಫೋಟೋ ಇಲ್ಲ, ಆದ್ದರಿಂದ ದುಡ್ಡೂ ಇಲ್ಲ.

ನಮ್ಮ ಸಿಟ್ಟು ಇರುವುದು ಇಲ್ಲಿ. ರೋಗವಿಲ್ಲದ ಮಗುವಿಗೆ ಎಂಟುನೂರರ ಚೀಟಿ. ಅದೇ ಸಾಲಿನ ಮೂರನೇ ಮನೆಯಲ್ಲಿ ನಿಜವಾಗಿ ಚಿಕಿತ್ಸೆ ಬೇಕಾದ ಮಗುವಿಗೆ 'ನಿಧಾನವಾಗಿ ಬರುತ್ತೆ ಬಿಡಿ, ನಿಮ್ಮ ಜನರಲ್ಲಿ ಹಂಗೇ' ಅನ್ನುವ ಮಾತು. ಎರಡೂ ಒಂದೇ ಬಾಯಿಂದ ಬರುತ್ತವೆ. ನಮ್ಮ ಮನೆ ಹೇಗೆ ಮಾತಾಡುತ್ತದೆ ಅಂತ ಒಂದು ಸಲ ಕೇಳಿದ್ದರೆ ಎರಡೂ ತಪ್ಪುತ್ತಿದ್ದವು. ಅಜ್ಜಿಯನ್ನು ಒಳಕ್ಕೆ ಕರೆದು, 'ಅಜ್ಜಿ, ಮನೇಲಿ ಎಲ್ಲಾರೂ ಹಿಂಗೇ ಅಂತೀರಾ, ಇವನೊಬ್ಬನೇ ಹಿಂಗಂತಾನಾ?' ಅಂತ ಕೇಳಲು ಯಾವ ಮಿಷನ್ನು ಬೇಕು?

ಅಜ್ಜಿಯನ್ನು ಕರೆಯುವುದಿಲ್ಲ. ಬದಲಿಗೆ ತಾಯಿಯನ್ನು ಕರೆದು ಬೈಯುತ್ತಾರೆ. 'ನೀವು ಮಗು ಹತ್ರ ಮಾತೇ ಆಡಲ್ಲ, ಮೊಬೈಲ್ ಕೊಟ್ಟು ಕೂರಿಸ್ತೀರಿ.' ಈ ಬೈಗುಳದ ಹಿಂದೆಯೂ ಒಂದು ಶಾಸ್ತ್ರವಿದೆ. 1995ರಲ್ಲಿ ಹಾರ್ಟ್ ಮತ್ತು ರಿಸ್ಲೆ ಎಂಬಿಬ್ಬರು ಅಮೆರಿಕದ ಕ್ಯಾನ್ಸಸ್‌ನಲ್ಲಿ ಬರೀ 42 ಸಂಸಾರಗಳನ್ನು ನೋಡಿ, ನಾಲ್ಕು ವರ್ಷ ತುಂಬುವಷ್ಟರಲ್ಲಿ ಬಡವರ ಮಗು ಸಾಹುಕಾರರ ಮಗುವಿಗಿಂತ ಮೂರು ಕೋಟಿ ಮಾತು ಕಡಿಮೆ ಕೇಳಿರುತ್ತದೆ ಅಂತ ಪುಸ್ತಕ ಬರೆದರು. ಆ 42ರಲ್ಲಿ ಸರ್ಕಾರದ ನೆರವಿನಲ್ಲಿ ಬದುಕುವ ಸಂಸಾರ ಆರೇ ಆರು, ಆರೂ ಕರಿಯರವು. ಈ ಆರು ಮನೆ ಇಟ್ಟುಕೊಂಡು ಲೋಕದ ಬಡವರನ್ನೆಲ್ಲ ಮಾತಿಲ್ಲದವರು ಮಾಡಿದರು. ಮನೆಯಲ್ಲಿ ಅಪ್ಪ ಅಮ್ಮ ಮಗುವಿನ ಮುಖ ನೋಡಿ ಆಡಿದ ಮಾತಷ್ಟೇ ಅವರ ಲೆಕ್ಕ. ಅಜ್ಜಿಯ ಮಾತು, ಚಿಕ್ಕಮ್ಮನ ಮಾತು, ಪಕ್ಕದಲ್ಲಿ ನಡೆಯುವ ಹರಟೆ ಲೆಕ್ಕಕ್ಕಿಲ್ಲ. 2018ರಲ್ಲಿ ಸ್ಪೆರ್ರಿ ಮತ್ತು ಜೊತೆಗಾರರು ಅವನ್ನೂ ಸೇರಿಸಿ ಐದು ಕಡೆ ಎಣಿಸಿ ನೋಡಿದಾಗ ಆ ಮೂರು ಕೋಟಿಯ ಕಂದಕ ಸಿಗಲಿಲ್ಲ.

ನಮ್ಮ ವಠಾರಕ್ಕೆ ಬಂದು ಎಣಿಸಿ ನೋಡಿ ಸ್ವಾಮಿ. ನಲ್ಲಿಯ ಮುಂದೆ ಬೆಳಗ್ಗೆ ಐದಕ್ಕೆ ಶುರುವಾಗುವ ಮಾತು ರಾತ್ರಿ ಹತ್ತಕ್ಕೆ ನಿಲ್ಲುವುದಿಲ್ಲ. ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತೀಡುವ ಅಜ್ಜಿ ಅದರ ಕಣ್ಣಿಗೆ ಕಣ್ಣು ಕೊಟ್ಟು, ಕೈ ಕಾಲು ಹೊಟ್ಟೆ ಒಂದೊಂದನ್ನೂ ಹೆಸರಿಡಿದು ಕರೆದು, ಅದು 'ಊಂ' ಅಂದರೆ ತಾನೂ 'ಊಂ' ಅಂದು, ತಿರುಗಿ ಅದು ಅನ್ನುವವರೆಗೆ ಕಾಯುತ್ತಾಳೆ. ಇದನ್ನೇ ಹಂತ ಹಂತವಾಗಿ ಬರೆದು, ಬಣ್ಣದ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿ, ಮಗುವಿನ ಎದುರು ಕೂರಿ, ಹೆಸರಿಸಿ, ಅನುಕರಿಸಿ, ಕಾಯಿರಿ ಅಂತ ಮುಕ್ಕಾಲು ಗಂಟೆಗೆ ಎಂಟುನೂರಕ್ಕೆ ಮಾರುತ್ತಾರೆ. ಮಾತಿಗೆ ಬರ ಬಂದಿರುವುದು ಆ ತಾಯಿಯ ಬಾಯಲ್ಲಲ್ಲ, ಹೊತ್ತಿನಲ್ಲಿ. ಅವಳ ಹೊತ್ತನ್ನು ಕೊಂಡುಕೊಂಡವರು ಯಾರು? ಅವಳು ಮುಸುರೆ ತಿಕ್ಕುವ ಮನೆಯ ಮಗುವಿನ ಜೊತೆ ಆಟಕ್ಕೆ ಕೂರಲು ಆ ಮನೆಯ ಅಮ್ಮನಿಗೆ ಬಿಡುವು ಸಿಕ್ಕಿದ್ದು ಎಲ್ಲಿಂದ?

ಇನ್ನೊಂದು ಉಪದೇಶ ಇದಕ್ಕಿಂತ ಕೆಟ್ಟದ್ದು. 'ಮನೇಲಿ ಎರಡು ಮೂರು ಭಾಷೆ ಆಡ್ತೀರಿ, ಮಗು ಕನ್‌ಫ್ಯೂಸ್ ಆಗಿದೆ. ಒಂದೇ ಭಾಷೆ ಮಾತಾಡಿ. ಸ್ಕೂಲಿಗೂ ಹಾಕ್ತೀರಲ್ಲ, ಇಂಗ್ಲಿಷೇ ಮಾತಾಡಿ.' ಎರಡು ಮೂರು ಭಾಷೆ ಕೇಳಿದ್ದರಿಂದ ಮಗುವಿಗೆ ಮಾತಿನ ದೋಷ ಬರುತ್ತದೆ ಅನ್ನುವುದು ಸುಳ್ಳು. ಡೌನ್ ಸಿಂಡ್ರೋಮ್, ಆಟಿಸಂ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲೂ ಎರಡು ಭಾಷೆಯ ಮಕ್ಕಳು ಒಂದು ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿಲ್ಲ. ಅಮ್ಮನದು ತೆಲುಗು, ಅಪ್ಪನದು ಕನ್ನಡ, ಪಕ್ಕದ ಮನೆಯದು ಉರ್ದು, ಬೀದಿಯದು ತಮಿಳು, ಇದು ವಿಲ್ಸನ್ ಗಾರ್ಡನ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ತಾಯಿಗೆ ಇಂಗ್ಲಿಷೇ ಆಡು ಅಂದರೆ ಅವಳು ಏನು ಆಡಬೇಕು? ಕಮ್, ಸಿಟ್, ಈಟ್, ನೋ. ನಾಲ್ಕು ಅಪ್ಪಣೆ. ಬೈಯಲು, ಮುದ್ದಿಸಲು, ಕತೆ ಹೇಳಲು, ಸತ್ತ ಅಜ್ಜನ ಸುದ್ದಿ ಹೇಳಲು ಅವಳಿಗಿದ್ದ ಮಾತನ್ನೆಲ್ಲ ಕಿತ್ತುಕೊಂಡು ಕೈಗೆ ನಾಲ್ಕು ಅಪ್ಪಣೆ ಕೊಟ್ಟು ಕಳಿಸುತ್ತಾರೆ. ಇದ್ದ ಮಾತನ್ನೂ ಕೊಲ್ಲುವ ಮಾತಿನ ಚಿಕಿತ್ಸೆ ಇದು.

ನಮ್ಮ ನಾಲಿಗೆಯ ಮೇಲೆ ಕಣ್ಣು ಬಿದ್ದದ್ದು ಇವತ್ತಲ್ಲ. ಶೂದ್ರ ವೇದ ಕೇಳಿದರೆ ಕಿವಿಗೆ ಕಾದ ಸೀಸ, ಹೇಳಿದರೆ ನಾಲಿಗೆಗೆ ಕತ್ತಿ ಅಂತ ಗೌತಮ ಧರ್ಮಸೂತ್ರ ಬರೆದಿಟ್ಟಿತ್ತು. ಬಾಬಾಸಾಹೇಬರು 1920ರ ಜನವರಿಯಲ್ಲಿ ಮೊದಲ ಪತ್ರಿಕೆ ಶುರು ಮಾಡಿದಾಗ ಅದಕ್ಕೆ 'ಮೂಕನಾಯಕ' ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮಾತು ಬಾರದ ಕೂಸಿನ ಮನೆಗೆ ಈಗಲೂ ಜೋಯಿಸರು ಹೇಳಿ ಕಳಿಸುತ್ತಾರೆ: ಹಿಂದಿನ ಜನ್ಮದ ಕರ್ಮ. ನಾವು ಹೊಲೆ ಮಾದಿಗರಾಗಿ ಹುಟ್ಟಿದ್ದಕ್ಕೂ ಇದೇ ಕಾರಣ ಕೊಟ್ಟಿದ್ದರಲ್ಲ. ಒಂದು ಸುಳ್ಳನ್ನು ಎಷ್ಟು ಕಡೆ ಬಳಸುತ್ತೀರಯ್ಯಾ! ನಮ್ಮವರೂ ಅದನ್ನು ನಂಬಿ ಬಜೆ ತೇಯ್ದು ನಾಲಿಗೆಗೆ ಸವರುತ್ತಾ, ಹರಕೆ ಕಟ್ಟುತ್ತಾ, ಐದು ವರ್ಷ ಕಳೆದುಬಿಡುತ್ತಾರೆ. ಮಾತು ಕಲಿಯುವ ಮಿದುಳು ಅತ್ಯಂತ ಮೆತ್ತಗಿರುವುದು ಆ ಐದು ವರ್ಷಗಳಲ್ಲೇ.

ನಾಲಿಗೆಗೆ ಎರಡು ಕೆಲಸ. ಒಂದು ಆಡುವುದು, ಇನ್ನೊಂದು ಉಣ್ಣುವುದು. ಆದ್ದರಿಂದಲೇ ಮಾತಿನ ಚಿಕಿತ್ಸಕರ ಹತ್ತಿರವೇ ಉಣ್ಣಿಸುವ ಚಿಕಿತ್ಸೆಯೂ ಇರುತ್ತದೆ. ಇದರ ಸುದ್ದಿ ನಮ್ಮ ಕೇರಿಗೆ ಇನ್ನೂ ಮುಟ್ಟಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ತುಟಿ, ನಾಲಿಗೆ, ಗಂಟಲು ಒಟ್ಟಿಗೆ ದುಡಿಯುವುದಿಲ್ಲ. ಅದರ ತಾಯಿ ಏನು ಮಾಡುತ್ತಾಳೆ? ಕೆಲಸಕ್ಕೆ ಹೊತ್ತಾಯಿತು. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ, ಬಾಯಿಗೆ ಗಂಜಿ ಸುರಿಯುತ್ತಾಳೆ. ಗಂಜಿ ಅನ್ನನಾಳಕ್ಕೆ ಹೋಗುವುದರ ಬದಲು ಉಸಿರಿನ ದಾರಿಗೆ ಇಳಿಯುತ್ತದೆ. ಕೆಮ್ಮು, ಗೊರಗೊರ, ಜ್ವರ. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಅಂತ ಬರೆಯುತ್ತಾರೆ, ಔಷಧಿ ಕೊಡುತ್ತಾರೆ, ಕಳಿಸುತ್ತಾರೆ. ಮತ್ತೆ ಅದೇ ತೊಡೆ, ಅದೇ ಸುರಿತ. ಹೀಗೆ ಎಷ್ಟು ಕೂಸುಗಳು ಮಣ್ಣಾದವೋ, ಅವುಗಳ ಲೆಕ್ಕದಲ್ಲಿ 'ಉಣ್ಣಿಸುವುದನ್ನು ಯಾರೂ ಹೇಳಿಕೊಡಲಿಲ್ಲ' ಅನ್ನುವ ಕಾಲಂ ಇಲ್ಲ.

ಹೇಳಿಕೊಡುವುದು ಅರ್ಧ ಗಂಟೆಯ ಕೆಲಸ. ಮಗುವನ್ನು ಕೂರಿಸಬೇಕು. ಬೆನ್ನಿಗೆ, ಕತ್ತಿಗೆ ಆನಿಕೆ ಬೇಕು, ಪಾದಕ್ಕೆ ನೆಲ ಸಿಗಬೇಕು. ಗದ್ದ ಮೇಲಕ್ಕೆ ಏಳಬಾರದು, ತುಸು ಕೆಳಕ್ಕೆ ಬಾಗಿರಬೇಕು. ಚಮಚ ಮೇಲಿನಿಂದ ಇಳಿಯದೆ ಎದುರಿನಿಂದ ಬರಬೇಕು. ಅರ್ಧ ಚಮಚ ಹಾಕಿ, ನುಂಗಿದ್ದು ಕಣ್ಣಿಗೆ ಕಂಡ ಮೇಲೆ ಇನ್ನರ್ಧ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಕೆಮ್ಮಿದರೆ, ಮುಖ ಕಪ್ಪಿಟ್ಟರೆ, ನುಂಗಿದ ಮೇಲೆ ದನಿ ಒದ್ದೆಒದ್ದೆಯಾದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಇದಕ್ಕೆ ಸಾವಿರಾರು ರೂಪಾಯಿಯ ವಿಶೇಷ ಕುರ್ಚಿಯೇ ಬೇಕು ಅಂತ ಕ್ಯಾಟಲಾಗು ತೋರಿಸುತ್ತಾರೆ. ರಟ್ಟಿನ ಡಬ್ಬ ಕತ್ತರಿಸಿ, ಪೇಪರು ಅಂಟಿಸಿ ಗಟ್ಟಿ ಮಾಡಿ, ಹಳೇ ಸೀರೆ ಸುತ್ತಿ ಮಗುವಿನ ಅಳತೆಗೆ ಕುರ್ಚಿ ಮಾಡಬಹುದು. ನಮ್ಮಲ್ಲಿ ಬಡಗಿಗಳಿದ್ದಾರೆ, ಟೈಲರುಗಳಿದ್ದಾರೆ, ರಟ್ಟು ಆಯುವವರಿದ್ದಾರೆ. ಅಳತೆ ಹೇಳುವ ಒಬ್ಬರು ಬಂದರೆ ಸಾಕು.

ಒಳಲೆಯ ವಿಷಯ ನೋಡಿ. ಮೊಲೆ ಚೀಪಲಾರದ ಕೂಸಿಗೆ ನಮ್ಮ ಅಜ್ಜಿಯರು ಮೂತಿಯಿದ್ದ ಒಳಲೆಯಲ್ಲಿ ಹಾಲು ಹಾಕುತ್ತಿದ್ದರು. ಇವತ್ತು ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನರ್ಸುಗಳು ಅದರಲ್ಲೇ ಹಾಲು ಹಾಕುತ್ತಾರೆ. ಡಾಕ್ಟರುಗಳ ಪುಸ್ತಕಕ್ಕೆ ಅದು 'ಪಾಲಡೈ' ಅನ್ನುವ ತಮಿಳು ಹೆಸರಲ್ಲಿ ಹತ್ತಿದೆ. ಅಜ್ಜಿಯ ಸಾಮಾನು ಸರಿ, ಅಜ್ಜಿಯ ಮಾತು ಮಾತ್ರ ದೋಷ. ಅದೇ ಒಳಲೆಯಲ್ಲಿ ಅಳುವ ಕೂಸಿಗೆ ಬಲವಂತವಾಗಿ ಸುರಿದರೆ ಜೀವಕ್ಕೇ ಅಪಾಯ ಅನ್ನುವುದನ್ನು ನಮ್ಮ ಅಜ್ಜಿಯರೂ ಕಲಿಯಬೇಕು, ಇದರಲ್ಲಿ ದಾಕ್ಷಿಣ್ಯವಿಲ್ಲ.

ಈಗ ಚೀಟಿಗೆ ಬನ್ನಿ. ಬಾದಾಮಿ ಪುಡಿ, ಪನೀರು, ಓಟ್ಸು, ಬೆಣ್ಣೆಹಣ್ಣು. ರಾಗಿ ಸರಿ ಇಲ್ಲ, ಅಂಬಲಿ ಇಲ್ಲ, ಮುದ್ದೆ ಇಲ್ಲವೇ ಇಲ್ಲ. ಮುದ್ದೆ ಇರದ ಚೀಟಿಯಿಂದ ಹಳೇ ಮೈಸೂರಿನ ಮಗುವಿಗೆ ಹೇಗೆ ಉಣ್ಣಿಸುವುದು? ಅಗಿಯುವುದನ್ನು ಕಲಿಸುವ ಪಾಠ ಪುಸ್ತಕದ ತುಂಬ ಇದೆ. ಮುದ್ದೆ ಅಗಿಯುವ ಊಟವಲ್ಲ, ಸಾರಿನಲ್ಲಿ ಅದ್ದಿ ನುಂಗುವ ಊಟ. ಮುದ್ದೆಯನ್ನು ಅಗಿಯದೆ ನುಂಗಿದ ಮಗುವನ್ನು ಕಂಡು ಬರೆಯುವ ಕೈ ಏನು ಬರೆಯುತ್ತದೆ? ಅಲ್ಲೂ ಅಕ್ಕಿ-ಹಕ್ಕಿಯ ಕತೆಯೇ. ಗಂಟಲಿನ ಹಿಡಿತವಿಲ್ಲದ ಮಗುವಿಗೆ ಆ ಮುದ್ದೆಯೇ ಉರುಳಾಗಬಹುದು, ಅದನ್ನೂ ಯಾರೂ ಹೇಳುವುದಿಲ್ಲ, ಯಾಕೆಂದರೆ ಮುದ್ದೆಯ ಹೆಸರೇ ಅವರ ಹಾಳೆಯಲ್ಲಿಲ್ಲ.

ನುಂಗುವ ತೊಂದರೆಯವರ ಊಟಕ್ಕೆ ಈಗ ಲೋಕಕ್ಕೆಲ್ಲ ಒಂದು ಅಳತೆ ಮಾಡಿದ್ದಾರೆ. ನೀರಿನಂಥದ್ದಕ್ಕೆ ಸೊನ್ನೆ, ಮಾಮೂಲಿ ಊಟಕ್ಕೆ ಏಳು, ನಡುವೆ ಒಂದೊಂದೇ ಮೆಟ್ಟಿಲು ದಪ್ಪ. ದಪ್ಪ ನೋಡಲು ಮುಳ್ಳುಚಮಚದ ಪರೀಕ್ಷೆ ಇದೆ. ಚಮಚ ಓರೆ ಮಾಡಿ ಜಾರುತ್ತದೋ ಅಂಟುತ್ತದೋ ಅಂತ ನೋಡುವ ಪರೀಕ್ಷೆಯೂ ಇದೆ. ಮುಳ್ಳುಚಮಚ ನಮ್ಮ ಮನೆಯಲ್ಲಿಲ್ಲ. ಸೌಟು ಇದೆ. ಅಂಬಲಿಯ ಹದ, ಗಂಜಿಯ ಹದ, ಸರಿಯ ಹದ, ಸೌಟಿನಿಂದ ಹೇಗೆ ಬೀಳುತ್ತದೆ ಅಂತ ನೋಡಿಯೇ ನಮ್ಮ ಅವ್ವಂದಿರು ಹೇಳುತ್ತಾರೆ. ರಾಗಿಯೊಂದರಲ್ಲೇ ಸೊನ್ನೆಯ ಹತ್ತಿರದಿಂದ ಹಿಡಿದು ಮುದ್ದೆಯವರೆಗೆ ಬೇಕಾದ ದಪ್ಪಗಳನ್ನೆಲ್ಲ ಎತ್ತಬಹುದು. ಈ ಅಳತೆಯನ್ನು ರಾಗಿಗೆ ಇಳಿಸಿ, ಚಿತ್ರ ಬರೆದು, ಒಂದು ಹಾಳೆ ಅಚ್ಚು ಹಾಕಿದರೆ ಎಷ್ಟು ಖರ್ಚಾದೀತು?

ಇನ್ನು ಚೀಟಿಯ ಮಡಿ. ಒಂದು ಗಂಟೆಗೆ ಹತ್ತೇ ಚಮಚ ಉಣ್ಣುವ ಮಗುವಿಗೆ ಆ ಹತ್ತು ಚಮಚದಲ್ಲೇ ಜೀವ ತುಂಬಬೇಕು. ಮೊಟ್ಟೆ, ಲಿವರು, ಮೂಳೆಯ ರಸ, ನುಣ್ಣಗೆ ಬೇಯಿಸಿ ಅರೆದ ಮಾಂಸ. ಬಡವನಿಗೆ ಎಟುಕುವ ಮಾಂಸ ಯಾವುದು ಅಂತ ಎಲ್ಲರಿಗೂ ಗೊತ್ತು. 2020ರ ಗೋಹತ್ಯೆ ನಿಷೇಧದ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದದ್ದನ್ನೆಲ್ಲ ಅಪರಾಧ ಮಾಡಿತು. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಕಲಬುರಗಿ ಕಡೆಯ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಮಠಗಳಿಂದ ಸ್ವಾಮಿಗಳು ಎದ್ದು ಬಂದರು. ನಮ್ಮ ಮಗು ನುಂಗಲಾರದೆ ಒದ್ದಾಡುವಾಗ ಇವರ್ಯಾರೂ ಬಂದದ್ದು ನಾವು ನೋಡಿಲ್ಲ. ನುಂಗುವುದು ಏನನ್ನು ಅಂತ ಹೇಳಲು ಮಾತ್ರ ಪಲ್ಲಕ್ಕಿ ಇಳಿದು ಬರುತ್ತಾರೆ.

ಸರ್ಕಾರದ ಹತ್ತಿರ ಕಾಗದಕ್ಕೆ ಬರವಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ವರ್ಷಕ್ಕೆ ಎರಡು ಸಲ ಡಾಕ್ಟರುಗಳ ತಂಡ ಅಂಗನವಾಡಿಗೆ ಬಂದು ಹುಟ್ಟಿನ ದೋಷ, ಬೆಳವಣಿಗೆಯ ಹಿನ್ನಡೆ ಎಲ್ಲ ನೋಡಿ, ಬೇಕಾದವರನ್ನು ಮುಂದಕ್ಕೆ ಕಳಿಸಬೇಕು. 2016ರಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ ಬಂತು. ಇಪ್ಪತ್ತೊಂದು ಬಗೆಯ ವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಒಂದು. ಬಿಡಿಸಿ ಓದಿದರೆ ಅಲ್ಲಿ ಕೊಟ್ಟ ಉದಾಹರಣೆ ಎರಡು: ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಮಿದುಳಿಗೆ ಪೆಟ್ಟಾಗಿ ಮಾತು ಕಳಕೊಂಡವರು. ಅದೂ ಶಾಶ್ವತವಾಗಿರಬೇಕು. ಇದ್ದ ಮಾತನ್ನು ಕಳಕೊಂಡ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ವ್ಯಾಖ್ಯೆ ಅದು. ಮಾತೇ ಬಾರದ ಮೂರು ವರ್ಷದ ಕೂಸು ಆ ವಾಕ್ಯದೊಳಕ್ಕೆ ತೂರುವುದು ಕಷ್ಟ. ಕಡ್ಡಾಯ ಶಿಕ್ಷಣದ ಕಾಯ್ದೆ ಆರು ವರ್ಷದಿಂದ ಶುರು. ಮಾತು ಕಲಿಯುವ ವಯಸ್ಸು ಅಷ್ಟರಲ್ಲಿ ಮುಕ್ಕಾಲು ಮುಗಿದಿರುತ್ತದೆ.

2023ರ ನವೆಂಬರಿನಲ್ಲಿ ಕೇಂದ್ರದವರು ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಪ್ರೋಟೋಕಾಲ್ ಅಂತ ಒಂದನ್ನು ಬಿಡುಗಡೆ ಮಾಡಿದರು. ತೊಂದರೆ ಇರುವ ಮಗುವನ್ನು ಅಂಗನವಾಡಿ ಟೀಚರೇ ಮೊದಲು ಗುರುತಿಸಬೇಕು. ಒಳ್ಳೆಯದೇ. ಆದರೆ ಆ ಟೀಚರಮ್ಮ ಬೆಳಗ್ಗೆ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು, ತೂಕ ಹಾಕಬೇಕು, ಗರ್ಭಿಣಿಯರ ಲೆಕ್ಕ ಇಡಬೇಕು, ಎಲೆಕ್ಷನ್ ಬಂದರೆ ವೋಟರ್ ಲಿಸ್ಟು ಹಿಡಿದು ಓಡಬೇಕು. ಅವಳಿಗೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. 2023ರ ಚಳಿಯಲ್ಲಿ ಇದೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂತಿದ್ದನ್ನು ಮರೆಯಬೇಡಿ. ಅವಳ ತಲೆಗೆ ಇನ್ನೊಂದು ರಿಜಿಸ್ಟರು ಹೊರಿಸಿ ಕೈ ತೊಳೆದುಕೊಳ್ಳುವುದಾದರೆ ಆ ಪ್ರೋಟೋಕಾಲನ್ನು ನಿಮ್ಮ ಗೋಡೆಗೇ ತಗುಲಿಸಿಕೊಳ್ಳಿ.

ಮಾತಿನ ಚಿಕಿತ್ಸಕರೇ ಅಂಗನವಾಡಿಗೆ ಬರಲಿ. ವಾರಕ್ಕೆ ಒಂದು ದಿನ, ಸಂಜೆ ಆರರ ಮೇಲೆ, ಪೊರಕೆ ಇಟ್ಟು ಬಂದ ತಾಯಿ ಕೈ ಮುಖ ತೊಳೆದ ಮೇಲೆ. ಆಸ್ಪತ್ರೆಗೇ ಬರಬೇಕೆಂದರೆ ಆ ದಿನದ ಕೂಲಿ ಕಟ್ಟಿಕೊಡಿ, ಕ್ಯಾನ್ಸರಿಗೆ ಮೂಳೆಮುರಿತಕ್ಕೆ ಕೋಟಿ ಕೊಡುವ ಸರ್ಕಾರಕ್ಕೆ ಇದು ದೊಡ್ಡದಲ್ಲ. ಪರೀಕ್ಷೆಯ ಕಾರ್ಡಿಗೆ ನಮ್ಮ ನಲ್ಲಿ, ಬಿಂದಿಗೆ, ಮೊರ, ಆಟೋ, ಕೋಳಿ, ಬೋಟಿ ಸೇರಲಿ. ದ್ರಾಕ್ಷಿ ಗೊಂಚಲು, ಪಿಯಾನೋ ಇದ್ದರೆ ಇರಲಿ, ನಮ್ಮ ಮಕ್ಕಳೂ ನೋಡಲಿ. ನಮ್ಮ ಕೇರಿಯಿಂದ ಓದಿ ಬಂದ ಹುಡುಗ ಹುಡುಗಿಯರಿಗೆ ಆ ಕೋರ್ಸಿನಲ್ಲಿ ಸೀಟು ಸಿಗಲಿ. ಸಿಕ್ಕವರು ಇಂಗ್ಲಿಷಿನಲ್ಲಿ ಮುಳುಗಿಹೋಗದಂತೆ ಕನ್ನಡದಲ್ಲೂ ಆ ಪಾಠ ಇರಲಿ. 'ಅಕ್ಕಿ' ಅಂದ ಮಗುವಿಗೆ ಸೊನ್ನೆ ಹಾಕದ ಒಬ್ಬಳು ಡಾಕ್ಟರಮ್ಮ ಆ ಕೋಣೆಯಲ್ಲಿ ಕೂತಿರಬೇಕಾದರೆ ಅವಳೂ ಎಳೆಯದರಲ್ಲಿ ಹಕ್ಕಿಗೆ ಅಕ್ಕಿ ಅಂದವಳಾಗಿರಬೇಕು.

ಸರ್ಕಾರ ಮಾಡುವವರೆಗೆ ನಾವು ಕಾಯುತ್ತಾ ಕೂರುವುದಿಲ್ಲ. ವಿಲ್ಸನ್ ಗಾರ್ಡನ್ನಿನ ಗೆಳೆಯರು ಕೆಲವರು ಸೇರಿ ಭಾನುವಾರಗಳಲ್ಲಿ ಮನೆ ಮನೆಗೆ ಹೋಗಿ ಅಜ್ಜಿಯರಿಂದ ಕೂಸುಮಾತು ಬರೆದುಕೊಳ್ಳುತ್ತಿದ್ದೇವೆ. ಬೂವ, ತಾಚಿ, ಜೋಜೋ, ಗುಮ್ಮ, ಅಂಬಾ, ಉಂಬಾ. ತಮಿಳಿನ ಮನೆಯವು ಬೇರೆ ಹಾಳೆಯಲ್ಲಿ, ತೆಲುಗಿನವು ಬೇರೆ, ಉರ್ದುವಿನವು ಬೇರೆ. ಈ ಪತ್ರಿಕೆ ಓದುವ ಗೆಳೆಯರು ತಂತಮ್ಮ ಸೀಮೆಯವನ್ನು ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕೂಸಿಗೆ ಮೊದಲು ಕಲಿಸುವ ಮಾತು ಯಾವುದು, ಮೊದಲು ಉಣ್ಣಿಸುವುದು ಏನು, ಅದರ ಹದವನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಾರೆ. ಬೀದರಿನದು ಮಂಡ್ಯದ ಹಾಗಿರುವುದಿಲ್ಲ, ತಿದ್ದಿ ಕಳಿಸಬೇಡಿ. ಅಜ್ಜಿ ಅಂದ ಹಾಗೇ ಬರೆಯಿರಿ.